ಡಬ್ಬಿಗೆ ಲೇಟಾಗಿ ಬರೋ ಮನುಷ್ಯ

ಎಲ್ರಿಗೂ ನಮಸ್ಕಾರ. ಸಂಘದವ್ರು ಫೋನ್ ಮಾಡಿ ಫುಟ್ಬಾಲ್ ಬಗ್ಗೆ ಮಾತಾಡಿ ಅಂದಾಗ ನಾನಂದೆ, ಸ್ವಾಮಿ, ನಾನು ಮಾಟುಂಗದ ಹೋಟ್ಲಲ್ಲಿ 20 ವರ್ಷ ಗಲ್ಲಾ ಮೇಲೆ ಕೂತೋನು, ಕಾಲಲ್ಲಿ ಚೆಂಡು ಮುಟ್ಟಿದ್ದು ಊರಿನ ಗದ್ದೇಲಿ ಅಷ್ಟೇ. ನೋಡಿದ್ದು ಮಾತ್ರ ಬೇಕಾದಷ್ಟಿದೆ. ಹೋಟ್ಲು ಶಟರ್ ಎಳೆದ ಮೇಲೆ, ಟೇಬಲ್ ಮೇಲೆ ಹುಡುಗ್ರು ಹಾಸಿಗೆ ಬಿಡಿಸ್ತಿದ್ರೆ, ನಾನು ಟಿವಿ ಸೌಂಡ್ ಕಮ್ಮಿ ಮಾಡ್ಕೊಂಡು ಕೂರ್ತಿದ್ದೆ. ಹಾಗೆ ನೋಡಿ ನೋಡಿ ತಲೇಲಿ ಕೂತಿರೋ ಒಬ್ಬನ ಬಗ್ಗೆ ಮಾತ್ರ ಇವತ್ತು ಹೇಳ್ತೀನಿ. ಇಂಗ್ಲೆಂಡಿನ ಆಟಗಾರ ಫ್ರಾಂಕ್ ಲ್ಯಾಂಪಾರ್ಡ್.

ಮೊದಲು ಲೆಕ್ಕ ಹೇಳಿಬಿಡ್ತೀನಿ, ಗಲ್ಲಾದೋನಲ್ವಾ. ಲಂಡನ್ನಿನ ಚೆಲ್ಸಿ ಕ್ಲಬ್ಬಿಗೆ 648 ಮ್ಯಾಚು, 211 ಗೋಲು. ಆ ಕ್ಲಬ್ಬಿನ ಇತಿಹಾಸದಲ್ಲೇ ಅಷ್ಟು ಗೋಲು ಬೇರೆ ಯಾರೂ ಹೊಡೆದಿಲ್ಲ, ಅದೂ ಈತ ಮುಂದೆ ನಿಂತು ಗೋಲು ಹೊಡೆಯೋ ಸ್ಟ್ರೈಕರ್ ಅಲ್ಲ, ಮೈದಾನದ ನಡುವೆ ಆಡೋ ಮಿಡ್‌ಫೀಲ್ಡರ್. ಇಂಗ್ಲೆಂಡಿನ ದೊಡ್ಡ ಲೀಗು ಪ್ರೀಮಿಯರ್ ಲೀಗಲ್ಲಿ ಒಟ್ಟು 177. "ಅರ್ಧ ಪೆನಾಲ್ಟಿ ಕಣ್ರೀ" ಅಂತ ಮೂಗು ಮುರಿಯೋರಿದ್ದಾರೆ. ಪೆನಾಲ್ಟಿ, ಅಂದ್ರೆ ಕೀಪರ್ ಒಬ್ಬನ ಎದುರು ನಿಂತು ಹೊಡೆಯೋದು, 43, ಕಳೆದುಬಿಡಿ, ಇನ್ನೂ 134 ಉಳೀತಲ್ಲ?

ಹುಟ್ಟಿದ್ದು 1978, ಲಂಡನ್ ಪಕ್ಕದ ರಾಮ್‌ಫರ್ಡ್. ಅಪ್ಪನೂ ಲಂಡನ್ನಿನ ಕ್ಲಬ್ಬು ವೆಸ್ಟ್‌ಹ್ಯಾಮಲ್ಲಿ ಆಡಿದೋರೇ, ಮಗ ಟೀಮಿಗೆ ಬರೋವಾಗ ಅಲ್ಲೇ ಅಸಿಸ್ಟೆಂಟು. ಮ್ಯಾನೇಜರ್ ಹ್ಯಾರಿ ರೆಡ್‌ನ್ಯಾಪ್ ಯಾರು ಅಂದ್ರೆ ಅಪ್ಪನ ಷಡ್ಡಕ! ಈಗ ನೀವೇ ಹೇಳಿ, ಜನ ಸುಮ್ನಿರ್ತಾರಾ. 1996ರಲ್ಲಿ ಅಭಿಮಾನಿಗಳ ಒಂದು ಸಭೇಲಿ ಒಬ್ಬ ಎದ್ದು ನಿಂತು, ಈ ಹುಡುಗನಿಗೆ ಅಷ್ಟು ಯೋಗ್ಯತೆ ಇಲ್ಲ, ಇವನಿಗಿಂತ ಒಳ್ಳೇರನ್ನ ಬಿಟ್ಟುಬಿಟ್ರಿ ಅಂತ ಕೇಳೇಬಿಟ್ಟ. ಹುಡುಗ ಅಲ್ಲೇ ಸ್ಟೇಜ್ ಮೇಲೆ ಕೂತಿದ್ದಾನೆ, ತಲೆ ತಗ್ಗಿಸ್ಕೊಂಡು. ರೆಡ್‌ನ್ಯಾಪ್ ಏನೂ ಮುಲಾಜಿಲ್ದೆ ಇವನು ತೀರಾ ಮೇಲಕ್ಕೆ ಹೋಗ್ತಾನೆ ನೋಡ್ತಿರಿ ಅಂದ್ರು. ಆ ವಿಡಿಯೋ ಈಗ್ಲೂ ಸಿಗುತ್ತೆ, ನೋಡಿ, ಮಾತಿಗಿಂತ ಆ ಹುಡುಗನ ಮುಖ ನೋಡಿ. 2001ರಲ್ಲಿ 1 ಕೋಟಿ 10 ಲಕ್ಷ ಪೌಂಡಿಗೆ ಚೆಲ್ಸಿಗೆ ಹೋದ.

ಈಗ ಅಸಲಿ ವಿಷಯ. ಡ್ರಿಬ್ಲಿಂಗ್ ಅಂಥಾದ್ದೇನಿಲ್ಲ, ಓಟದಲ್ಲಿ ಮಿಂಚೂ ಅಲ್ಲ, ಮತ್ತೆ ಗೋಲು ಹೇಗೆ ಬೀಳ್ತಿತ್ತು? ದಾದರ್ ಸ್ಟೇಷನ್ನಲ್ಲಿ ಹೊಸಬ್ರನ್ನ ನೋಡಿದೀರಲ್ಲ, ಟ್ರೇನ್ ಕಂಡ ಕೂಡ್ಲೇ ಪ್ಲಾಟ್‌ಫಾರ್ಮ್ ಉದ್ದಕ್ಕೂ ಓಡ್ತಾರೆ. ದಿನಾ ಹೋಗೋನು ಓಡಲ್ಲ, ಡಬ್ಬಿ ಬಾಗಿಲು ಎಲ್ಲಿ ಬಂದು ನಿಲ್ಲುತ್ತೆ ಅಂತ ಅವನಿಗೆ ಗೊತ್ತು, ಸುಮ್ನೆ ನಿಂತಿರ್ತಾನೆ, ಟ್ರೇನ್ ನಿಧಾನ ಆದಾಗ ಎರಡು ಹೆಜ್ಜೆ, ಒಳಗೆ. ಲ್ಯಾಂಪಾರ್ಡೂ ಹಾಗೇ. ಚೆಂಡು ಮೈದಾನದ ಬದಿಗೆ ಹೋದಾಗ ಡಿಫೆಂಡರ್‌ಗಳೆಲ್ಲ ತಮ್ಮ ಗೋಲಿನ ಕಡೆ ಮುಖ ಮಾಡಿ ಹಿಂದಕ್ಕೆ ಓಡ್ತಾರೆ, ಎಲ್ರ ಕಣ್ಣು ಚೆಲ್ಸಿ ಸ್ಟ್ರೈಕರ್ ದ್ರೋಗ್ಬಾ ಮೇಲೆ, ಆ ಆಳು ಹಾಗಿದ್ದ. ಅವ್ರು ಹಿಂದೆ ಹೋದಷ್ಟೂ ಪೆನಾಲ್ಟಿ ಬಾಕ್ಸಿನ ಅಂಚಲ್ಲಿ ಜಾಗ ಖಾಲಿ ಆಗುತ್ತೆ. ಬೇಗ ನುಗ್ಗಿದ್ರೆ ಯಾರಾದ್ರೂ ಹಿಡ್ಕೋತಾರೆ. ಈತ ನಿಂತಿರ್ತಾನೆ, ಕತ್ತು ತಿರುಗಿಸಿ ಆ ಕಡೆ ಈ ಕಡೆ ನೋಡ್ತಾನೆ, ಆಮೇಲೆ ಬರ್ತಾನೆ, ಗೋಲಿಗೆ ಎದುರುಮುಖವಾಗಿ, ಓಟದ ವೇಗ ಕಾಲಲ್ಲಿ ಇಟ್ಕೊಂಡೇ. ಹೊಡೆದದ್ದು ಎಷ್ಟೋ ಸಲ ಯಾರದ್ದೋ ಕಾಲಿಗೆ ತಗುಲಿ ದಿಕ್ಕು ತಪ್ಪಿ ಒಳಗೆ ಹೋಗ್ತಿತ್ತು. ಲಕ್ ಅಂತಾರೆ. ಸರಿ, 211 ಸಲಾನೂ ಲಕ್ಕಾ? ಟ್ರೇನಿಂಗ್ ಮುಗಿದು ಉಳಿದೋರು ಸ್ನಾನಕ್ಕೆ ಹೋದ್ಮೇಲೂ ಈತ ಒಬ್ನೇ ಗೋಲಿಗೆ ಹೊಡೀತಾ ಇರ್ತಿದ್ದ.

2005 ಏಪ್ರಿಲ್ 30, ಬೋಲ್ಟನ್ನಲ್ಲಿ ಎರಡೂ ಗೋಲು ಇವನದ್ದೇ, ಚೆಲ್ಸಿಗೆ 50 ವರ್ಷ ಆದ್ಮೇಲೆ ಲೀಗ್ ಪಟ್ಟ ಬಂತು. ಆ ವರ್ಷ ಬೆಸ್ಟ್ ಆಟಗಾರನಿಗೆ ಕೊಡೋ ಬ್ಯಾಲನ್ ಡಿಓರಲ್ಲಿ ರೊನಾಲ್ಡಿನೊ ಹಿಂದೆ ಎರಡನೇ ಸ್ಥಾನ. 2003-04ರಿಂದ 10 ಸೀಸನ್ ಸತತ ಹತ್ತು ಅಥವಾ ಹೆಚ್ಚು ಲೀಗ್ ಗೋಲು, 2009-10ರಲ್ಲಿ ಒಂದೇ ಸೀಸನ್ನಿಗೆ 22.

2008 ನನಗೆ ಮರೆಯೋಕಾಗಲ್ಲ. ಏಪ್ರಿಲಲ್ಲಿ ತಾಯಿ ತೀರ್ಕೊಂಡ್ರು. ಒಂದು ವಾರಾನೂ ಆಗಿಲ್ಲ, ಲಿವರ್‌ಪೂಲ್ ಮೇಲೆ ಯೂರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಎಕ್ಸ್‌ಟ್ರಾ ಟೈಮಲ್ಲಿ ಪೆನಾಲ್ಟಿ, ಬೇರೆಯವ್ರಿಗೆ ಕೊಡಬಹುದಿತ್ತು, ತಾನೇ ಹೊಡೆದ, ತೋಳಿನ ಕಪ್ಪು ಪಟ್ಟಿಗೆ ಮುತ್ತಿಟ್ಟು ಅತ್ತ. ಮುಂದೆ ಮಾಸ್ಕೋ ಫೈನಲ್, ನಮಗೆ ರಾತ್ರಿ 1 ಗಂಟೆ ಹತ್ರ, ಚೆಲ್ಸಿಯ ಎಸ್ಸಿಯೆನ್ ಹೊಡೆದದ್ದು ಇಬ್ಬರಿಗೆ ಬಡಿದು ಬಾಕ್ಸಲ್ಲಿ ಬಿತ್ತು, ಅಲ್ಲಿಗೆ ಸರಿಯಾಗಿ ಯಾರು ಬಂದ್ರು ಹೇಳಿ? ನಾನು ಕಿರುಚಿದ್ದಕ್ಕೆ ಮಲಗಿದ್ದ ಹುಡುಗ್ರೆಲ್ಲ ಎದ್ರು, ಮಾರನೇ ದಿನ ಧಣಿ ಕೈಲಿ ಮಂಗಳಾರತಿ. ಕೊನೆಗೆ ಪೆನಾಲ್ಟಿ ಶೂಟೌಟಲ್ಲಿ ಚೆಲ್ಸಿ ಡಿಫೆಂಡರ್ ಟೆರಿ ಜಾರಿದ, ಅನೆಲ್ಕಾದು ಕೀಪರ್ ತಡೆದ, ಸೋತ್ರು. ಅದೇ ಅನೆಲ್ಕಾ 2014ರಲ್ಲಿ ಮುಂಬೈ ಸಿಟಿ ಟೀಮಿಗೆ ಆಡೋಕೆ ನಮ್ಮ ನೆರೂಳಿಗೆ ಬಂದ, ನಾನು ಹಾರ್ಬರ್ ಲೈನ್ ಹಿಡ್ದು ನೋಡೋಕೆ ಹೋದೆ, ಮನಸ್ಸಲ್ಲಿ ಆ ಪೆನಾಲ್ಟಿನೇ ಓಡ್ತಿತ್ತು ಪಾಪ. ಚೆಲ್ಸಿಗೆ ಆ ಕಪ್ಪು ಸಿಕ್ಕಿದ್ದು 2012ರಲ್ಲಿ, ಮ್ಯೂನಿಕಲ್ಲಿ ಬಯರ್ನ್ ಮೇಲೆ, ಕ್ಯಾಪ್ಟನ್ ಲ್ಯಾಂಪಾರ್ಡ್.

ಇಂಗ್ಲೆಂಡಿಗೆ 106 ಮ್ಯಾಚು, 29 ಗೋಲು, ಅದು 30 ಆಗ್ಬೇಕಿತ್ತು. 2010ರ ವರ್ಲ್ಡ್ ಕಪ್, ಜೂನ್ 27, ಭಾನುವಾರ, ಹೊರಗೆ ಮಳೆ, ಹೋಟ್ಲು ತುಂಬಿದೆ. ಬ್ಲೂಮ್‌ಫಾಂಟೇನಲ್ಲಿ ಜರ್ಮನಿ 2-1 ಮುಂದೆ. ಲ್ಯಾಂಪಾರ್ಡ್ ಹೊಡೆದದ್ದು ಬಾರಿಗೆ ಬಡಿದು ಗೆರೆ ಒಳಗೆ ಬಿದ್ದು ಪುಟಿದು ಹೊರಗೆ ಬಂತು. ಸಾಂಬಾರ್ ಬಕೆಟ್ ಹಿಡ್ಕೊಂಡು ನಿಂತಿದ್ದ ನಮ್ಮ ಹುಡುಗನಿಗೆ ಕಂಡಿದ್ದು ರೆಫ್ರಿಗೆ ಕಾಣಲಿಲ್ಲ. 4-1 ಸೋಲು. ಆ ಗದ್ದಲದಿಂದ್ಲೇ ಬೇಡ ಬೇಡ ಅಂತಿದ್ದೋರು ಮೆತ್ತಗಾದ್ರು, 2012ರಲ್ಲಿ ಚೆಂಡು ಗೆರೆ ದಾಟಿತಾ ಅಂತ ಯಂತ್ರವೇ ಹೇಳೋ ಗೋಲ್‌ಲೈನ್ ಟೆಕ್ನಾಲಜಿಗೆ ಒಪ್ಪಿಗೆ ಸಿಕ್ತು.

ಇನ್ನೊಂದೇ ಗೋಲು ಹೇಳಿ ಕೂತ್ಕೋತೀನಿ. ಚೆಲ್ಸಿ ಬಿಟ್ಟು ಮ್ಯಾಂಚೆಸ್ಟರ್ ಸಿಟಿಗೆ ಹೋಗಿದ್ದ, 2014 ಸೆಪ್ಟೆಂಬರ್, ಎದುರಾಳಿ ಅದೇ ಚೆಲ್ಸಿ. ಸಿಟಿ ಹತ್ತೇ ಜನ, 1-0 ಹಿಂದೆ. 78ನೇ ನಿಮಿಷಕ್ಕೆ ಇವನನ್ನ ಇಳಿಸಿದ್ರು, ವಯಸ್ಸು 36. 85ನೇ ನಿಮಿಷ, ಮಿಲ್ನರ್ ಚೆಂಡು ಒಳಗೆ ಕೊಟ್ಟ, ಡಿಫೆಂಡರ್‌ಗಳು ಗೋಲಿನ ಕಡೆ ಸರಿದಿದ್ರು, ಈತ ಎಂದಿನ ಹಾಗೆ ಲೇಟಾಗಿ ಬಂದ. ಗೋಲು. 13 ವರ್ಷ ಅದೇ ಓಟ ಪಕ್ಕದಲ್ಲೇ ನೋಡಿದ ಟೆರಿಗೂ ತಡೆಯೋಕಾಗಲಿಲ್ಲ. ಸಿಟಿಯವ್ರು ಬಂದು ತಬ್ಕೊಂಡ್ರು, ಈತ ಮಾತ್ರ ಕೈ ಎತ್ತಲಿಲ್ಲ, ಮುಖದಲ್ಲಿ ನಗೂನೂ ಇಲ್ಲ, ತಲೆ ತಗ್ಗಿಸ್ಕೊಂಡು ಸೆಂಟರ್ ಕಡೆ ನಡ್ಕೊಂಡು ಹೋದ.