ಅದೇ ಹರಳು, ಬೇರೆ ಚಿತ್ರ

ಕೇಳುಗರೇ, ನಮಸ್ಕಾರ. ನುರಿತ ಕಲಾವಿದನೊಬ್ಬ ಬೆಲೆಬಾಳುವ ಹರಳುಗಳನ್ನು ಜೋಡಿಸಿ ರಾಜನ ಚಿತ್ರ ಮಾಡಿದ್ದಾನೆ ಅಂದುಕೊಳ್ಳಿ. ಇನ್ಯಾರೋ ಬಂದು ಹರಳುಗಳನ್ನೆಲ್ಲ ಕಿತ್ತು, ಅವುಗಳಿಂದಲೇ ಒರಟೊರಟಾಗಿ ಒಂದು ನರಿ ಮಾಡುತ್ತಾನೆ. ಆಮೇಲೆ ಇದೇ ರಾಜನ ಚಿತ್ರ ಅನ್ನುತ್ತಾನೆ. ರಾಜನ ಮುಖ ಗೊತ್ತಿಲ್ಲದವರು ನಂಬಿಬಿಡುತ್ತಾರೆ. ಹರಳಂತೂ ಅಸಲಿಯೇ ಅಲ್ವಾ?

ಈ ಹೋಲಿಕೆ ಕೊಟ್ಟವರು ಇರೇನಿಯಸ್, ಈಗಿನ ಫ್ರಾನ್ಸಿನ ಲಿಯಾನ್ ಊರಿನ ಬಿಷಪ್. ಅವರ ಹಿಂದಿನ ಬಿಷಪ್ ಪೊಥಿನಸ್, ತೊಂಬತ್ತು ದಾಟಿದ ಮುದುಕರು, ಕ್ರಿ.ಶ. 177ರಲ್ಲಿ ಕ್ರೈಸ್ತ ನಂಬಿಕೆಗಾಗಿ ಹೊಡೆತ ತಿಂದು ಸೆರೆಮನೆಯಲ್ಲಿ ತೀರಿಕೊಂಡಿದ್ದರು. ಅದಾಗಿ ಕೆಲವೇ ವರ್ಷಕ್ಕೆ, ಸುಮಾರು 180ರಲ್ಲಿ, ಇರೇನಿಯಸ್ ನಾಸ್ಟಿಕರ ಬೋಧನೆಗೆ ಉತ್ತರವಾಗಿ ಗ್ರೀಕ್‌ನಲ್ಲಿ ಐದು ಭಾಗಗಳ ಪುಸ್ತಕ ಬರೆದರು. ರೇಡಿಯೋದಲ್ಲಿ ನಾಸ್ತಿಕರು ಅಂತ ಕೇಳಿಸಬಹುದು, ಅದಲ್ಲ. ಈ ಹೆಸರು ಅರಿವು ಅನ್ನುವ ಅರ್ಥದ ಗ್ರೀಕ್ ಪದದಿಂದ ಬಂದದ್ದು, ನಮ್ಮ 'ಜ್ಞಾನ'ಕ್ಕೆ ದೂರದ ನೆಂಟ. ಬಿಡುಗಡೆ ಸಿಗುವುದು ಗುಟ್ಟಿನ ಅರಿವಿನಿಂದ, ಈ ಲೋಕ ಮಾಡಿದವನು ಪರಮ ದೇವರಲ್ಲ, ಅವನಿಗಿಂತ ಕೆಳಗಿನವನು ಎನ್ನುತ್ತಿದ್ದರು ಅವರು.

ಇರೇನಿಯಸ್ ಹೇಳಿದ ಹರಳು ಅಂದರೆ ಬೈಬಲಿನ ಮಾತುಗಳು; ನಾಸ್ಟಿಕರು ಅವನ್ನೇ ಕಿತ್ತು ಬೇರೆ ಚಿತ್ರ ಜೋಡಿಸುತ್ತಾರೆ ಅನ್ನುವುದು ಅವರ ದೂರು. ಒಂದು ಉದಾಹರಣೆ ನೋಡಿ. ನಾಸ್ಟಿಕರಲ್ಲೇ ಒಂದು ಗುಂಪಾದ ವ್ಯಾಲೆಂಟಿನಸ್ ಪಂಥದವರ ಪ್ರಕಾರ ಮೇಲಿನ ಲೋಕದಲ್ಲಿ 30 ದೈವಶಕ್ತಿಗಳಿವೆ. ಆಧಾರ? ಯೇಸು ಹೇಳಿದ ದ್ರಾಕ್ಷಿ ತೋಟದ ಕಥೆ. ಯಜಮಾನ ಬೆಳಗಾಗುತ್ತಲೇ ಆಳುಗಳನ್ನು ಕರೆತರುತ್ತಾನೆ, ಆಮೇಲೆ ಮೂರನೇ ಗಂಟೆಗೆ, ಆರನೇ ಗಂಟೆಗೆ, ಒಂಬತ್ತಕ್ಕೆ, ಕೊನೆಗೆ ಹನ್ನೊಂದನೇ ಗಂಟೆಗೂ ಹೋಗಿ ಕರೆತರುತ್ತಾನೆ. 1, 3, 6, 9, 11 ಕೂಡಿಸಿ, ಸರಿಯಾಗಿ 30. ಲೆಕ್ಕವೇನೋ ಸರಿ. ಆದರೆ ಸಂಜೆ ಬಂದವನಿಗೂ ದಿನದ ಪೂರ್ತಿ ಕೂಲಿ ಕೊಟ್ಟ ಆ ಯಜಮಾನನ ದೊಡ್ಡ ಮನಸ್ಸು ಎಲ್ಲಿ ಹೋಯಿತು? ಕಥೆ ಇದ್ದದ್ದೇ ಅದಕ್ಕೆ.

ಇರೇನಿಯಸ್ ಕೇಳಿದ್ದು ಇಷ್ಟೇ: ಗುಟ್ಟಿನ ಬೋಧನೆ ಅಂತ ಏನಾದರೂ ಇದ್ದಿದ್ದರೆ, ಯೇಸುವಿನ ಶಿಷ್ಯರಾದ ಅಪೊಸ್ತಲರು ತಮ್ಮ ಸಭೆಗಳನ್ನು ಯಾರ ಕೈಗೆ ಒಪ್ಪಿಸಿದರೋ ಅವರಿಗೇ ಮೊದಲು ಹೇಳುತ್ತಿರಲಿಲ್ಲವೇ?

1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಮಣ್ಣಿನ ಜಾಡಿಯಲ್ಲಿ ನಾಸ್ಟಿಕರ ಪುಸ್ತಕಗಳೇ ಸಿಕ್ಕವು. ಅವನ್ನು ಓದಿದರೆ ಇರೇನಿಯಸ್ ಗೇಲಿ ಸ್ವಲ್ಪ ಜಾಸ್ತಿಯೇ ಮಾಡಿದರು ಅನ್ನಿಸುತ್ತದೆ ನನಗೆ, ಆ ಜನರಲ್ಲೂ ದೇವರಿಗಾಗಿ ನಿಜವಾದ ಹಂಬಲವಿತ್ತು. ಆದರೆ ಇರೇನಿಯಸ್ ಸುಮ್ನೆ ಕಟ್ಟಿ ಬರೆದವರಲ್ಲ. ಅವರು ವಿವರಿಸಿದ ಒಂದು ಕಥೆ ಅಲ್ಲಿ ಸಿಕ್ಕ ಒಂದು ಗ್ರಂಥಕ್ಕೆ ತುಂಬ ಹತ್ತಿರವಿದೆ.

ನನ್ನ ಮನಸ್ಸಿಗೆ ತಟ್ಟಿದ್ದು ಮಾತ್ರ ಅವರ ಒಂದು ಪತ್ರ. ಫ್ಲೋರಿನಸ್ ಅನ್ನುವ ಹಳೇ ಪರಿಚಯದವರು ನಂಬಿಕೆಯ ದಾರಿ ಬಿಟ್ಟಾಗ ಅವರಿಗೆ ಬರೆದದ್ದು. ಅದರಲ್ಲಿ ಬಾಲ್ಯದ ನೆನಪು ತೆಗೆಯುತ್ತಾರೆ. ನಾನು ಹುಡುಗನಾಗಿದ್ದಾಗ ನಿನ್ನನ್ನು ಸ್ಮಿರ್ನಾ ಬಿಷಪ್ ಪೊಲಿಕಾರ್ಪ್ ಅವರ ಹತ್ತಿರ ನೋಡಿದ್ದೆ, ಅವರು ಕೂತು ಮಾತಾಡುತ್ತಿದ್ದ ಜಾಗ, ಹೋಗಿ ಬರುತ್ತಿದ್ದ ರೀತಿ, ಯೇಸುವನ್ನು ಕಣ್ಣಾರೆ ಕಂಡವರ ಬಗ್ಗೆ ಅವರು ಹೇಳುತ್ತಿದ್ದುದು, ಎಲ್ಲ ನೆನಪಿದೆ, ಕಾಗದದ ಮೇಲಲ್ಲ, ಎದೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ ಎನ್ನುತ್ತಾರೆ.