ಎತ್ತರ ಆಮೇಲೆ, ತೂಕ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಕಲ್ಲುಹಾದಿ, ಕೆಸರು, ಹೊಳೆಯ ಮರಳಲ್ಲಿ ಓಡಾಡುವ ಫೋರ್‌ವೀಲ್ ಗಾಡಿಯ ಹಿಂಬದಿ ಕುಸಿದು ಕೂತಾಗ ಅಂಗಡಿಯಲ್ಲಿ ಕೇಳಿಬರುವ ಮೊದಲ ಮಾತು, "ಎರಡು ಇಂಚು ಎತ್ತರ ಬರೋ ಸ್ಪ್ರಿಂಗ್ ಇದೆಯಾ?" ಆ ಆ್ಯಕ್ಸಲ್, ಅಂದರೆ ಚಕ್ರಗಳ ಅಚ್ಚಿನ ಮೇಲೆ ದಿನಾ ಎಷ್ಟು ಕಿಲೋ ಕೂರುತ್ತದೆ ಅಂತ ಕೇಳಿಕೊಳ್ಳುವವರು ಕಡಿಮೆ. ಸ್ಪ್ರಿಂಗ್ ಆರಿಸುವುದು ಆ ಕಿಲೋ ಲೆಕ್ಕದಿಂದಲೇ.

ನಿಜವಾಗಿ ಕುಸಿದಿದೆಯೇ, ಮೊದಲು ಅಳೆದು ನೋಡಿ. ಗಾಡಿ ಸಮತಟ್ಟಾದ ನೆಲದಲ್ಲಿ ನಿಲ್ಲಲಿ. ಒಂದೆರಡು ಮೀಟರ್ ಹಿಂದೆ ಮುಂದೆ ಉರುಳಿಸಿದರೆ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳು ತಮ್ಮ ಜಾಗಕ್ಕೆ ಬರುತ್ತವೆ. ಆಮೇಲೆ ಚಕ್ರದ ಹಬ್ಬಿನ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿಯಿರಿ. ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿ ಎಲ್ಲವೂ ಅಳತೆಯೊಳಗೆ ಬೆರೆತುಹೋಗುತ್ತವೆ. ನಾಲ್ಕೂ ಮೂಲೆಯ ಅಳತೆ ಬರೆದಿಡಿ. ಎಡಕ್ಕೂ ಬಲಕ್ಕೂ ಐದಾರು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಗಾಬರಿ ಬೇಡ. ಇಂಧನದ ಟ್ಯಾಂಕ್ ಒಂದು ಪಕ್ಕಕ್ಕಿರುತ್ತದೆ, ಚಾಲಕರೂ ಒಂದು ಪಕ್ಕ ಕೂರುತ್ತಾರೆ. ಅದಕ್ಕೇ ಕೆಲವು ಗಾಡಿಗಳಿಗೆ ಎಡಕ್ಕೊಂದು, ಬಲಕ್ಕೊಂದು ಬೇರೆ ಸ್ಪ್ರಿಂಗ್ ಕಾರ್ಖಾನೆಯಿಂದಲೇ ಬರುತ್ತದೆ. ಅದಲುಬದಲು ಮಾಡಿದರೆ ಹೊಸ ಸ್ಪ್ರಿಂಗ್ ಹಾಕಿಯೂ ಗಾಡಿ ವಾಲುತ್ತದೆ.

ಇನ್ನು ತೂಕ. ಲಾರಿ ತೂಗುವ ವೇ-ಬ್ರಿಡ್ಜ್ ಮೇಲೆ ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಹಿಂದಿನ ಚಕ್ರ ಮಾತ್ರ ಹತ್ತಿಸಿ ಇನ್ನೊಂದು. ಟ್ಯಾಂಕ್ ತುಂಬಿರಲಿ, ಸದಾ ಹೊರುವ ಸಾಮಾನೆಲ್ಲ ಗಾಡಿಯಲ್ಲೇ ಇರಲಿ. 60 ಲೀಟರ್ ಡೀಸೆಲ್ ಅಂದರೆ ಸುಮಾರು 50 ಕಿಲೋ, 20 ಲೀಟರಿನ ಎರಡು ನೀರಿನ ಕ್ಯಾನ್ ಅಂದರೆ 40 ಕಿಲೋ. ಇವೆಲ್ಲ ಲೆಕ್ಕಕ್ಕೆ ಸಿಗದೆ ನುಸುಳುವ ತೂಕಗಳು.

ಒಂದು ಉದಾಹರಣೆ ಬಿಡಿಸೋಣ. ಹಿಂದಿನ ಆ್ಯಕ್ಸಲ್ ಮೇಲೆ 1,300 ಕಿಲೋ ಬಂತು ಅನ್ನಿ. ಚಕ್ರ, ಬ್ರೇಕು, ಆ್ಯಕ್ಸಲ್ ಸೇರಿ 250 ಕಿಲೋ ಸ್ಪ್ರಿಂಗಿನ ಕೆಳಗೇ ಇರುವುದರಿಂದ ಅದನ್ನು ಕಳೆಯಿರಿ. ಉಳಿದ 1,050ರಲ್ಲಿ ಒಂದೊಂದು ಸ್ಪ್ರಿಂಗಿಗೆ 525 ಕಿಲೋ. ಸ್ಪ್ರಿಂಗಿನ ಗಡಸು, ಅಂದರೆ ಒಂದು ಮಿಲಿಮೀಟರ್ ಕುಗ್ಗಲು ಬೇಕಾದ ತೂಕ, 3.3 ಕಿಲೋ ಆದರೆ ಅದು 159 ಮಿಲಿಮೀಟರ್ ಕುಗ್ಗಿ ಕೂರುತ್ತದೆ. ಇದರ ಮೇಲೆ 200 ಕಿಲೋ ಹೇರಿದರೆ ಹಿಂಬದಿ ಇನ್ನೂ 30 ಮಿಲಿಮೀಟರ್ ಇಳಿಯುತ್ತದೆ. ಈಗ ಅಷ್ಟೇ ಉದ್ದದ, ಆದರೆ ಮಿಲಿಮೀಟರಿಗೆ 4.3 ಕಿಲೋ ಕೇಳುವ ಗಟ್ಟಿ ಸ್ಪ್ರಿಂಗ್ ಹಾಕಿ. ಹೊರೆ ಇದ್ದಾಗ 145 ಮಿಲಿಮೀಟರ್ ಕುಗ್ಗುತ್ತದೆ, ಅಂದರೆ ಹಳೆಯ ಎತ್ತರಕ್ಕಿಂತ ತುಸು ಮೇಲೆಯೇ ನಿಲ್ಲುತ್ತದೆ. ಹೊರೆ ಇಳಿಸಿದಿರೋ, 122ಕ್ಕೆ ನಿಂತುಬಿಡುತ್ತದೆ. ಗಾಡಿ ಮೊದಲಿಗಿಂತ 37 ಮಿಲಿಮೀಟರ್ ಎತ್ತರ. ನೋಡಲು ಚೆನ್ನ. ಆದರೆ ಚಕ್ರ ಕೆಳಕ್ಕೆ ಇಳಿಯಲು ಇದ್ದ ಜಾಗದಲ್ಲಿ ಅಷ್ಟೇ 37 ಮಿಲಿಮೀಟರ್ ಕಡಿಮೆಯಾಯಿತು. ಕೊರಕಲಿನಲ್ಲಿ ಚಕ್ರ ಬೇಗ ನೆಲ ಬಿಟ್ಟು ಗಾಳಿಯಲ್ಲಿ ತಿರುಗುತ್ತದೆ.

ಹಾಗಾಗಿ ಗಟ್ಟಿ ಸ್ಪ್ರಿಂಗ್ ಬೇಕಾದ್ದು ಹೊರೆ ಸದಾ ಇರುವವರಿಗೆ: ಮುಂದೆ ವಿಂಚ್ ಮತ್ತು ಉಕ್ಕಿನ ಬಂಪರ್, ಹಿಂದೆ ಕಳಚದ ಪೆಟ್ಟಿಗೆಗಳು. ವರ್ಷಕ್ಕೆ ಎರಡು ಸಲ ಮಾತ್ರ ತುಂಬುವವರಿಗೆ ಮೂಲ ಗಡಸಿನದೇ ಹೊಸ ಸ್ಪ್ರಿಂಗ್ ಸಾಕು, ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗಿನ ಒಳಗೆ ಗಾಳಿಚೀಲ ಇಟ್ಟುಕೊಂಡರೆ ಹೊರೆಯ ದಿನಕ್ಕೆ ಆಯಿತು. ಉಕ್ಕಿನ ಪಟ್ಟಿಗಳ ಪ್ಲೇಟ್ ಸ್ಪ್ರಿಂಗ್ ಇರುವ ಪಿಕಪ್‌ಗಳಿಗೆ ಗಾಳಿಚೀಲ ಹಾಕುವ ಮುನ್ನ ಮಾತ್ರ ಎರಡು ಸಲ ಯೋಚಿಸಿ. ಪ್ಲೇಟು ತನ್ನ ಮೇಲಿನ ಭಾರವನ್ನು ಗಾಡಿಯ ಚೌಕಟ್ಟಾದ ಚಾಸಿಯ ಹಿಂದೆ ಮುಂದೆ ಎರಡು ಕಡೆಗೆ ಹಂಚುತ್ತದೆ, ಚೀಲ ಅದನ್ನೆಲ್ಲ ಆ್ಯಕ್ಸಲ್ ಮೇಲಿನ ಒಂದೇ ಜಾಗಕ್ಕೆ ಒತ್ತುತ್ತದೆ. ಹೊರೆ ಹಿಂದಕ್ಕೆ ಜೋತಿದ್ದರೆ ಚಾಸಿ ಅಲ್ಲೇ ಬಾಗುತ್ತದೆ. ಮತ್ತೊಂದು ಮಾತು: ಸ್ಪ್ರಿಂಗ್ ಗಟ್ಟಿಯಾದ ಮಾತ್ರಕ್ಕೆ ಬೇರಿಂಗು, ಬ್ರೇಕು, ಆ್ಯಕ್ಸಲ್ ಗಟ್ಟಿಯಾಗುವುದಿಲ್ಲ. ಗಾಡಿಯ ತಗಡಿನ ಮೇಲೆ ಬರೆದ ಗರಿಷ್ಠ ತೂಕ ಹಾಗೇ ಉಳಿಯುತ್ತದೆ.

ಎರಡು ಸ್ಪ್ರಿಂಗ್ ಕಣ್ಣಿಗೆ ಒಂದೇ ಥರ ಕಂಡರೂ ಗಡಸು ಬೇರೆ ಇರಬಹುದು. ತಂತಿಯ ದಪ್ಪ 15 ಮಿಲಿಮೀಟರಿನಿಂದ 16ಕ್ಕೆ ಏರಿದರೆ, ಸುತ್ತು, ವ್ಯಾಸ ಅದೇ ಇದ್ದರೂ, ಗಡಸು ನೂರಕ್ಕೆ 29ರಷ್ಟು ಏರುತ್ತದೆ. ವರ್ನಿಯರ್ ಹಿಡಿದು ಅಳೆಯಿರಿ, ಬಣ್ಣದ ಪದರವನ್ನು ಕಳೆಯಿರಿ. ಸುತ್ತು ಕಡಿಮೆಯಾದರೂ ಗಡಸು ಏರುತ್ತದೆ. ಗಾಡಿ ತಗ್ಗಿಸಲು ಒಂದು ಸುತ್ತು ಕತ್ತರಿಸಿದರೆ ಸ್ಪ್ರಿಂಗ್ ಗಿಡ್ಡವೂ ಆಗುತ್ತದೆ, ಬಿರುಸೂ ಆಗುತ್ತದೆ. ಗ್ಯಾಸ್ ಕಟ್ಟರ್ ಬಿಸಿಗೆ ಉಕ್ಕಿನ ಹದ ಕೆಟ್ಟು ತುದಿ ಮುರಿಯುವುದು ಬೇರೆ. ಕತ್ತರಿಸಿದ ಸ್ಪ್ರಿಂಗನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದರೆ ಒಂದೊಂದು ಚಕ್ರವೂ ತನ್ನದೇ ತೋಳಿನ ಮೇಲೆ ಬೇರೆಯಾಗಿ ಏರಿಳಿಯುವ ಏರ್ಪಾಡು, ಇದ್ದರೆ ಲೆಕ್ಕ ಬೇರೆ. ಸ್ಪ್ರಿಂಗ್ ಕೂರುವುದು ತೋಳಿನ ನಡುವೆಲ್ಲೋ, ಚಕ್ರ ಇರುವುದು ತುದಿಯಲ್ಲಿ. ಚಕ್ರ 10 ಮಿಲಿಮೀಟರ್ ಏರಿದಾಗ ಸ್ಪ್ರಿಂಗ್ 6 ಮಿಲಿಮೀಟರ್ ಮಾತ್ರ ಕುಗ್ಗುವ ಗಾಡಿಯಲ್ಲಿ ಸ್ಪ್ರಿಂಗಿಗೆ 10 ಮಿಲಿಮೀಟರ್ ದಪ್ಪದ ಬಿಲ್ಲೆ, ಅಂದರೆ ಸ್ಪೇಸರ್, ಹಾಕಿದರೆ ಸುಮಾರು 17 ಎತ್ತರ ಬರುತ್ತದೆ. ಇಂಚು ಎತ್ತರಕ್ಕೆ ಇಂಚಿನ ಸ್ಪೇಸರ್ ಹಾಕಿದವರ ಗಾಡಿಯಲ್ಲಿ ಡ್ರೈವ್ ಶಾಫ್ಟಿನ ರಬ್ಬರ್ ಬೂಟು ಹರಿಯುವುದು ಹೀಗೆ.

ಎತ್ತರಿಸಿದ ಮೇಲೆ ಜೊತೆಗೆ ನೋಡಬೇಕಾದ್ದು ಹಲವು. ಗಟ್ಟಿ ಸ್ಪ್ರಿಂಗ್ ಹಿಂದಕ್ಕೆ ಒದೆಯುವುದೂ ಜೋರು. ಕುಣಿತ ತಡೆಯುವ ಹಳೆಯ ಶಾಕ್ ಅಬ್ಸಾರ್ಬರ್ ಅದನ್ನು ತಡೆಯಲಾರದೆ ಗಾಡಿ ಹಳ್ಳ ದಾಟಿದ ಮೇಲೂ ಕುಣಿಯುತ್ತದೆ. ಶಾಕ್ ಗಿಡ್ಡವಾಗಿದ್ದರೆ ಚಕ್ರ ಇಳಿದಾಗ ಸ್ಪ್ರಿಂಗಿನ ಬದಲು ಶಾಕೇ ಎಳೆದು ಹಿಡಿಯುತ್ತದೆ, ತೀರ ಉದ್ದವಾಗಿದ್ದರೆ ಕಾಯಿಲ್ ತಾನು ಕೂರುವ ತಟ್ಟೆಯಿಂದ ಜಾರುತ್ತದೆ. ಚಕ್ರ ಪೂರ್ತಿ ಇಳಿಬಿಟ್ಟಾಗ ಬ್ರೇಕ್ ಹೋಸ್ ಸಡಿಲವಾಗಿಯೇ ಇರಬೇಕು. ಮುಂದೆ ಎರಡೂ ಚಕ್ರಕ್ಕೆ ಒಂದೇ ಆದ ರಿಜಿಡ್ ಆ್ಯಕ್ಸಲ್ ಇದ್ದು ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳದಿದ್ದರೆ ಚಕ್ರ ತಿರುಗುವ ಕೀಲಿನ ಗೆರೆ ಹಿಂದಕ್ಕೆ ವಾಲಿರುವ ಕ್ಯಾಸ್ಟರ್ ಕೋನ ತಗ್ಗಿದೆ ಎಂದರ್ಥ, ಬುಷ್ ಬದಲಿಸಿ ಅದನ್ನು ತಿದ್ದಬಹುದು.

ಜೋಡಿಸುವಾಗ ಜ್ಯಾಕ್ ಒಂದನ್ನೇ ನಂಬಿ ಕೆಳಗೆ ನುಸುಳಬೇಡಿ, ಚಾಸಿಗೆ ಸ್ಟ್ಯಾಂಡ್ ಕೊಡಿ. ಸ್ಟ್ರಟ್ ಮೇಲಿನ, ಅಂದರೆ ಶಾಕ್ ಸುತ್ತಲೇ ಕೂತಿರುವ ಸ್ಪ್ರಿಂಗ್ ಆದರೆ ಕಂಪ್ರೆಸರ್‌ನಿಂದ ಬಿಗಿಹಿಡಿಯದೆ ಮೇಲಿನ ನಟ್ಟು ಮುಟ್ಟಲೇಬೇಡಿ. ಪ್ಲೇಟ್ ಸ್ಪ್ರಿಂಗಿಗೆ ಯು-ಬೋಲ್ಟ್ ಹೊಸದೇ ಬೇಕು, ಒಮ್ಮೆ ಬಿಗಿದು ಹಿಗ್ಗಿದ್ದು ಎರಡನೇ ಸಲ ನಿಲ್ಲುವುದಿಲ್ಲ. ಬುಷ್ ಬೋಲ್ಟ್‌ಗಳನ್ನು ಗಾಡಿ ಚಕ್ರದ ಮೇಲೆ ನಿಂತಾಗಲೇ ಕೊನೆಯ ಬಿಗಿ ಬಿಗಿಯಿರಿ. ಚಕ್ರ ನೇತಾಡುವಾಗ ಬಿಗಿದರೆ ಒಳಗಿನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಸೀಳುತ್ತದೆ.

ಹೊಸ ಸ್ಪ್ರಿಂಗ್ ಓಡುತ್ತಾ ಒಂದಿಷ್ಟು ಇಳಿದು ಕೂರುತ್ತದೆ. ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ನಾಲ್ಕೂ ಮೂಲೆ ಅಳೆಯಿರಿ, ಯು-ಬೋಲ್ಟ್ ಇನ್ನೊಮ್ಮೆ ಬಿಗಿಯಿರಿ, ವೀಲ್ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟಿನ ಕೋನ ಸರಿಮಾಡಿಸಿ. ಒಂದೇ ಮೂಲೆ ಹೆಚ್ಚು ಇಳಿದಿದ್ದರೆ ಸ್ಪ್ರಿಂಗನ್ನು ಬೈಯುವ ಮುಂಚೆ ಟಾರ್ಚ್ ಹಿಡಿದು ಕಾಯಿಲ್ಲಿನ ಕೆಳತುದಿ ನೋಡಿ. ತಟ್ಟೆಯಲ್ಲಿ ಅದು ತಾಗಿ ನಿಲ್ಲಬೇಕಾದ ಮೆಟ್ಟಿಲಿಗೆ ತಾಗದೆ ಒಂದು ಬೆರಳು ತಿರುಗಿ ಕೂತಿರುವುದೇ ಹೆಚ್ಚು.

ನಮಸ್ಕಾರ.