ಮಳೆಮಾಪಕದ ಬಾಯಿ, ಗ್ಲಾಸಿನ ಗೆರೆ

ನಮಸ್ಕಾರ. ಬೆಳಿಗ್ಗೆ ಎದ್ದ ತಕ್ಷಣ ಪಕ್ಕದ ತೋಟಕ್ಕೆ ಫೋನ್ ಮಾಡಿ "ನಿಮ್ಮಲ್ಲಿ ಎಷ್ಟಾಯ್ತು?" ಎಂದು ಮಳೆ ಲೆಕ್ಕ ಕೇಳುವವರೆಲ್ಲ ಇವತ್ತು ಸ್ವಲ್ಪ ಇತ್ತ ಕಿವಿ ಕೊಡಿ.

ಮಳೆ ಅಂದ್ರೆ ಎತ್ತರ. ಬಿದ್ದ ನೀರು ಹರಿಯದೆ, ಇಂಗದೆ ಹಾಗೇ ನಿಂತಿದ್ದರೆ ಎಷ್ಟು ಎತ್ತರ ನಿಲ್ಲುತ್ತಿತ್ತು? ಅಷ್ಟೇ ಮಳೆ. ಒಂದು ಮಿಲಿಮೀಟರ್ ಅಂದ್ರೆ ಮೂಗು ಮುರಿಯಬೇಡಿ. ಒಂದು ಎಕರೆಗೆ ಅದು ಸುಮಾರು 4 ಸಾವಿರ ಲೀಟರ್ ನೀರು.

ಬಯಲಲ್ಲಿ ಒಂದು ನೆಟ್ಟಗಿನ ಡಬ್ಬಿ, ಒಂದು ನೆಟ್ಟಗಿನ ಡ್ರಮ್ಮು ಇಡಿ. ಎರಡರಲ್ಲೂ ನೀರು ಒಂದೇ ಎತ್ತರ ನಿಲ್ಲುತ್ತದೆ. ಹಾಗಾದರೆ ಮಳೆಮಾಪಕ ಯಾಕೆ? ಒಂದೆರಡು ಮಿಲಿಮೀಟರ್ ನೀರು ಡಬ್ಬಿಯ ತಳದಲ್ಲಿ ಕಣ್ಣಿಗೇ ಕಾಣುವುದಿಲ್ಲ. ಅದಕ್ಕೇ ಅಗಲ ಬಾಯಿಯಲ್ಲಿ ಹಿಡಿದು, ಸಪೂರ ಗ್ಲಾಸಿಗೆ ಸುರಿದು ನೋಡುತ್ತೇವೆ. ನೀರು ಮೇಲೇರುತ್ತದೆ, ಓದುವುದು ಸುಲಭ. ಆದರೆ ಗ್ಲಾಸಿನ ಮೇಲಿನ ಗೆರೆ ಹಾಕಿರುವುದು ಆ ಬಾಯಿಯ ಲೆಕ್ಕಕ್ಕೆ. ಬಾಯಿಗೂ ಗ್ಲಾಸಿಗೂ ಜೋಡಿ. ಇದನ್ನು ಇನ್ನೂ ಮೂರು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೂಡಿಗೆರೆ ಕಡೆ ನನ್ನ ಪರಿಚಯದವರದೊಂದು ಕಾಫಿ ತೋಟ. ಒಂದು ವರ್ಷ ಮಾರ್ಚ್‌ನಲ್ಲಿ ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸುವ ಮಳೆ, ಬಂತು. ಪಕ್ಕದ ತೋಟದವರು ಫೋನಿನಲ್ಲಿ "ಒಂದು ಇಂಚು ಸರಿಯಾಗಿ ಬಂತು" ಎಂದರಂತೆ. ನಮ್ಮ ಕಡೆ ಹಳಬರ ಲೆಕ್ಕ ಇನ್ನೂ ಇಂಚು, ಸೆಂಟ್ಸಲ್ಲೇ ನೋಡಿ. ಸೆಂಟ್ ಅಂದ್ರೆ ಇಂಚಿನ ನೂರರಲ್ಲೊಂದು ಪಾಲು. ಒಂದು ಇಂಚು ಅಂದ್ರೆ 25.4 ಮಿಲಿಮೀಟರ್. ಇವರ ಗ್ಲಾಸು ತೋರಿಸಿದ್ದು 12 ಚಿಲ್ಲರೆ ಮಿಲಿಮೀಟರ್. ರೊಬಸ್ಟಾ ಕಾಫಿಯ ಹೂವಿಗೆ ಅಷ್ಟು ಸಾಕಾಗುತ್ತದೆಯೇ? ಕೆರೆಗೆ ಪಂಪ್ ಇಳಿಸಿ, ಡೀಸೆಲ್ ಸುಟ್ಟು, ಮೂರು ದಿನ ಸ್ಪ್ರಿಂಕ್ಲರ್ ಹೊಡೆಸಿದರು. ನಾನು ಹೋದಾಗ ದೂರೋ ದೂರು. "ಮೇಷ್ಟ್ರೇ, ಮಳೆ ಬೇಲಿವರೆಗೆ ಬಂದು ನಿಲ್ಲುತ್ತೆ. ಹೋದ ವರ್ಷದಿಂದ ಹಿಂಗೇ."

ಹೋದ ವರ್ಷದಿಂದ ಎಂದ ಕೂಡಲೇ ನನಗೆ ಅನುಮಾನ ಬಂತು. ಗ್ಲಾಸು ತರಿಸಿದೆ. ಹೊಳೆಯುವ ಹೊಸ ಗ್ಲಾಸು! ಹಳೆಯದು ತೋಟದ ಲೆಕ್ಕ ಬರೆಯುವ ರೈಟರ್ ಕೈಜಾರಿ ಒಡೆದಿತ್ತಂತೆ. ಪೇಟೆಯಿಂದ ಹೊಸದು ತಂದಿದ್ದರು. ಮಾಪಕದ ಬಾಯಿ 100 ಚದರ ಸೆಂಟಿಮೀಟರಿನದು. ತಂದ ಗ್ಲಾಸು 200ರ ಬಾಯಿಗೆ ಗೆರೆ ಹಾಕಿದ್ದು. ಅಂದ್ರೆ ಒಂದು ವರ್ಷದಿಂದ ಅವರ ಡೈರಿಯಲ್ಲಿ ಬರೆದಿದ್ದೆಲ್ಲ ಅರ್ಧ ಮಳೆ. ನಾನು ಹೇಳಿದ್ದನ್ನು ಅವರು ಒಪ್ಪಲಿಲ್ಲ. "ಗ್ಲಾಸು ಐಎಸ್‌ಐ ಮಾರ್ಕಿನದು ಮೇಷ್ಟ್ರೇ" ಅಂತ ವಾದ. ಗ್ಲಾಸಲ್ಲಿ ತಪ್ಪೇನೂ ಇಲ್ಲ ಸ್ವಾಮಿ, ಜೋಡಿ ತಪ್ಪು! ಕೊನೆಗೆ ಮನೆಯವರು ಒಳಗಿಂದ ಅಡುಗೆಮನೆಯ ಅಳತೆ ಲೋಟ ತಂದುಕೊಟ್ಟರು. 100 ಮಿಲಿಲೀಟರ್ ನೀರು ಹೊಯ್ದೆವು. 10 ತೋರಿಸಬೇಕಾದ ಗ್ಲಾಸು 5 ತೋರಿಸಿತು. ಆಮೇಲೆ ಅವರು ಮಾತಾಡಲಿಲ್ಲ. ಕಾಫಿ ಬಂತು, ಕುಡಿದೆವು. ಡೀಸೆಲ್ ಲೆಕ್ಕ ನಾನೂ ಕೇಳಲಿಲ್ಲ.

ನಿಮ್ಮದನ್ನೂ ಹೀಗೇ ನೋಡಿ. ಬಾಯಿ 100ರದ್ದಾದರೆ 100 ಮಿಲಿಲೀಟರ್, 200ರದ್ದಾದರೆ 200 ಮಿಲಿಲೀಟರ್ ಹೊಯ್ಯಿರಿ. ಗ್ಲಾಸು ಎರಡರಲ್ಲೂ 10 ಮಿಲಿಮೀಟರ್ ತೋರಿಸಬೇಕು. ತೋರಿಸದಿದ್ದರೆ ಜೋಡಿ ತಪ್ಪಿದೆ.

ಮಾಪಕ ಎಲ್ಲಿಡಬೇಕು ಅನ್ನುವುದಕ್ಕೇ ಅರ್ಧ ಗಂಟೆ ಬೇಕಿತ್ತು. ಸ್ಟುಡಿಯೋ ಗಾಜಿನ ಆಚೆಯಿಂದ ಹೊತ್ತಾಯಿತೆಂದು ಆಗಲೇ ಕೈ ತೋರಿಸುತ್ತಿದ್ದಾರೆ. ಮರದ ಕೆಳಗೆ, ಸೂರಿನ ಪಕ್ಕ ಬೇಡ. ಮರದ ಎತ್ತರದ ಎರಡರಷ್ಟು ದೂರ ಇರಲಿ. ಬಾಯಿ ಓರೆಯಾಗದಿರಲಿ. ದಿನಾ ಬೆಳಿಗ್ಗೆ 8.30ಕ್ಕೆ ಓದಿ, ಹವಾಮಾನ ಇಲಾಖೆಯ ಲೆಕ್ಕವೂ ಅದೇ ಹೊತ್ತಿನದು. ನೀರಿನ ಅಂಚು ಗಾಜಿನ ಹತ್ತಿರ ಮೇಲೆದ್ದಿರುತ್ತದೆ, ಅದನ್ನು ಬಿಟ್ಟು ನಡುವಿನ ತಗ್ಗು ನೋಡಿ.

ಬಾಯಿಯ ಅಳತೆ ಎಲ್ಲೂ ಬರೆದಿಲ್ಲ ಅಂತೀರಾ? ಸ್ಕೇಲ್ ಇಟ್ಟು ಅಡ್ಡಳತೆ ನೋಡಿ. 11 ಸೆಂಟಿಮೀಟರ್ ಮೇಲೆ ಚೂರು ಬಂದರೆ 100ರದ್ದು, 16 ಬಂದರೆ 200ರದ್ದು. ನಮಸ್ಕಾರ.